ಐದಕ್ಕೆ ಐದೂ ಡೆಡ್ಡಂತೆ!

"ಮೇಡಂ, ಐದಕ್ಕೆ ಐದೂ ಡಿಸ್ಕು ಡೆಡ್ಡು. ಇಲ್ಲೊಂದು ಸೈನ್ ಹಾಕಿಬಿಡಿ."

2024ರ ಆಗಸ್ಟ್ ತಿಂಗಳ ಒಂದು ಶನಿವಾರ. ಬೆಳಗಿನ ಶಾಲೆ ಮುಗಿದಿತ್ತು. ಕೈಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ಇನ್ನೂ ತೊಳೆದುಕೊಂಡಿರಲಿಲ್ಲ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು ಈ ಮಾತು ಕೇಳಿದೆ. ಹೇಳಿದವನು ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ. ನನ್ನ ಮಗನಿಗಿಂತ ಚಿಕ್ಕವನು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಹಾಳೆ. ಹಾಳೆಯಲ್ಲಿ "ಐದು ಹಾರ್ಡ್ ಡಿಸ್ಕುಗಳು ಸಂಪೂರ್ಣ ಕೆಟ್ಟಿವೆ, ಹೊಸ ಸರ್ವರ್ ಕೊಳ್ಳಬೇಕು" ಎಂಬ ವರದಿ. ಅದರ ಕೆಳಗೆ ಅಂದಾಜು ವೆಚ್ಚ, ಒಂದು ಲಕ್ಷದ ಎಂಬತ್ತೈದು ಸಾವಿರ. ಅದರ ಕೆಳಗೆ ನನ್ನ ಸಹಿಗೆ ಜಾಗ.

ನಾನು ಬಿ.ಎ., ಬಿ.ಎಡ್. ಓದಿದವಳು. ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಸೆರಗಿಗೆ ಬಂದದ್ದು ನನ್ನ ಪಾಂಡಿತ್ಯದಿಂದಲ್ಲ. 2019ರಲ್ಲಿ ನಮ್ಮ ಹಿರಿಯ ಟೀಚರ್ ನಿವೃತ್ತರಾದಾಗ ಉಳಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು, ನಾನು ಸರಿಯಲು ಸ್ವಲ್ಪ ತಡಮಾಡಿದೆ. ಅಷ್ಟೆ. ಆದರೂ ಆ ದಿನ ನಾನು ಸಹಿ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬುದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ. "ಕಂಪ್ಯೂಟರ್ ವಿಷಯವಂತೆ" ಎಂದು ಪುಟ ಮಗುಚಬೇಡಿ. ನಿಮ್ಮ ಮನೆಯ ಮಿಕ್ಸಿಯನ್ನು ನೋಡಿ "ಇದು ಹೋಯ್ತಮ್ಮ, ಹೊಸದು ತಗೊಳ್ಳಿ" ಎಂದವನೂ, ನಮ್ಮ ಶಾಲೆಗೆ ಬಂದವನೂ ಒಂದೇ ಗುರುಕುಲದವರು.

ಮೊದಲು ಆ ಪೆಟ್ಟಿಗೆಯ ವಿಚಾರ. ನಮ್ಮದು ತಾಲ್ಲೂಕು ಊರಿನ ಅನುದಾನಿತ ಪ್ರೌಢಶಾಲೆ. ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. 2013ರಲ್ಲಿ ಅವರ ಕಚೇರಿಯವರು ಹಳೆಯ ಸರ್ವರುಗಳನ್ನು ತೆಗೆದುಹಾಕಿದಾಗ, ಒಂದನ್ನು ಕೇಳಿ ಪಡೆದು, ಬಾಡಿಗೆ ವ್ಯಾನಿನಲ್ಲಿ ತಂದು ಶಾಲೆಗೆ ಕೊಟ್ಟ. ಎತ್ತಲು ಇಬ್ಬರು ಬೇಕು. ಹತ್ತಿಸಿದರೆ ಮದುವೆ ಮನೆಯ ಗ್ರೈಂಡರಿನ ಸದ್ದು. ಒಳಗೆ ಒಂದು ಕಾರ್ಡು, ಅದಕ್ಕೆ ಜೋಡಿಸಿದ ಐದು ಡಿಸ್ಕು. ಇವಲ್ಲದೆ ಲಿನಕ್ಸ್ ಇದ್ದ ಚಿಕ್ಕ ಡಿಸ್ಕೊಂದು ಬೇರೆಯಾಗಿ ಇತ್ತು.

ಆ ಐದು ಡಿಸ್ಕುಗಳಲ್ಲಿ ಏನಿತ್ತು ಎಂದು ಹೇಳಿದರೆ ನನ್ನ ಹಟ ನಿಮಗೆ ಅರ್ಥವಾದೀತು. ನಮ್ಮ ಹಿರಿಯ ಟೀಚರಿಗೆ ಒಂದು ಹುಚ್ಚಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ "ನಿಮ್ಮಜ್ಜಿಯನ್ನು ಕರಕೊಂಡು ಬನ್ನಿ" ಎನ್ನುತ್ತಿದ್ದರು. ಅಜ್ಜಿಯರು ಬರುತ್ತಿದ್ದರು. ಮೊದಮೊದಲು ನಾಚುತ್ತ, ಆಮೇಲೆ ತಾವಾಗಿಯೇ. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ, ಹಸೆಗೆ ಕರೆಯುವ ಪದ ಎಲ್ಲವನ್ನೂ ಟೀಚರ್ ಒಂದು ಚಿಕ್ಕ ಯಂತ್ರದಲ್ಲಿ ಹಿಡಿದು, ಸಂಜೆ ಸರ್ವರಿಗೆ ತುಂಬಿ, ನೋಟ್ ಪುಸ್ತಕದಲ್ಲಿ ಹೆಸರು, ಊರು, ವಯಸ್ಸು ಬರೆದಿಡುತ್ತಿದ್ದರು. ಆರು ವರ್ಷದಲ್ಲಿ ಇನ್ನೂರ ಹನ್ನೆರಡು ಅಜ್ಜಿಯರು. ಅವರಲ್ಲಿ ಬಹಳ ಜನ ಈಗಿಲ್ಲ. ಟೀಚರೂ ಇಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಹೋದರು. ನೋಟ್ ಪುಸ್ತಕ ನನ್ನ ಬೀರುವಿನಲ್ಲಿದೆ. ದನಿಗಳು ಆ ಪೆಟ್ಟಿಗೆಯಲ್ಲಿದ್ದವು.

"ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲವೇ?" ಎಂದು ಕೇಳುತ್ತೀರಿ. ಇಲ್ಲ. ಆ ತಪ್ಪು ನಮ್ಮದು. ಮುಚ್ಚಿಡುವುದಿಲ್ಲ. ಐದು ಡಿಸ್ಕಿನಲ್ಲಿದೆಯಲ್ಲ, ಒಂದು ಹೋದರೂ ಉಳಿಯುತ್ತದೆ ಎಂಬ ಧೈರ್ಯ ನಮ್ಮದು. ಆ ಧೈರ್ಯಕ್ಕೆ ಆಧಾರವೂ ಇತ್ತು, ಅರ್ಧ ಮಾತ್ರ. ಅಂಕಪಟ್ಟಿಯನ್ನು ನೆನೆಸಿಕೊಳ್ಳಿ. ಒಂದು ವಿಷಯದ ಅಂಕದ ಮೇಲೆ ಶಾಯಿ ಚೆಲ್ಲಿದರೂ ಒಟ್ಟು ಮೊತ್ತದಿಂದ ಉಳಿದವನ್ನು ಕಳೆದು ಅದನ್ನು ಕಂಡುಹಿಡಿಯಬಹುದು. ರೈಡ್ 5 ಎಂಬ ಏರ್ಪಾಟು ಹೆಚ್ಚುಕಡಿಮೆ ಅದೇ. ಬರಹವನ್ನು ಚೂರು ಮಾಡಿ ಡಿಸ್ಕುಗಳಿಗೆ ಹಂಚುತ್ತಾರೆ, ಜೊತೆಗೆ ಮೊತ್ತದಂಥ ಒಂದು ಲೆಕ್ಕವನ್ನೂ ಸರದಿಯ ಮೇಲೆ ಬರೆಯುತ್ತಾರೆ. ಒಂದು ಡಿಸ್ಕು ಹೋದರೆ ಉಳಿದ ನಾಲ್ಕರಿಂದ ಅದನ್ನು ಮತ್ತೆ ಕಟ್ಟಬಹುದು. ಆದರೆ ಈ ಹಂಚಿಕೆಯ ಗುಟ್ಟು ತಿಳಿದಿರುವುದು ಆ ಕಾರ್ಡಿಗೆ. ಒಂದೇ ಒಂದು ಡಿಸ್ಕನ್ನು ಕಿತ್ತು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಿಗುವುದು ಚೂರುಗಳು ಮಾತ್ರ. ಹಾಗಾಗಿ ಕಾರ್ಡು ಬೇಕು, ಕಾರ್ಡಿನ ಜೊತೆ ಮಾತಾಡಲು ಲಿನಕ್ಸಿಗೆ ಒಂದು ಡ್ರೈವರ್ ಬೇಕು. ಬಸ್ಸಿನ ಡ್ರೈವರ್ ಅಲ್ಲ. ದುಭಾಷಿ ಎಂದುಕೊಳ್ಳಿ. ಆ ಯಂತ್ರದ ಭಾಷೆಯನ್ನು ಈ ತಂತ್ರಾಂಶಕ್ಕೆ ತಿಳಿಹೇಳುವ ಒಂದಷ್ಟು ಸಾಲು ಬರಹ.

ಆದದ್ದೇನೆಂದರೆ, ಜುಲೈಯಲ್ಲಿ ಲಿನಕ್ಸ್ ಇದ್ದ ಚಿಕ್ಕ ಡಿಸ್ಕು ನಿಜವಾಗಿಯೂ ಕೆಟ್ಟಿತು. ಅಂಗಡಿಯವರು ಅದನ್ನು ಬದಲಿಸಿ, ಹಳೆಯದಕ್ಕೆ ಅವಧಿ ಮುಗಿದಿದೆ ಎಂದು ಹೊಸ ಆವೃತ್ತಿಯ ಲಿನಕ್ಸನ್ನು ಹಾಕಿದರು. ಹಾಕಿದ ಮೇಲೆ ನೋಡಿದರೆ ಐದು ಡಿಸ್ಕುಗಳ ಸುಳಿವೇ ಇಲ್ಲ. ಹುಡುಗ ತೀರ್ಪು ಕೊಟ್ಟ: ಡೆಡ್ಡು.

"ಐದೂ ಒಂದೇ ರಾತ್ರಿ ಸತ್ತವೇನಪ್ಪ?" ಎಂದೆ.

"ಹಳೇದು ಮೇಡಂ, ಹಾಗೇ ಆಗ್ತದೆ."

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ತರಗತಿಯಲ್ಲಿ ಒಬ್ಬ ನಪಾಸಾದರೆ ಹುಡುಗನನ್ನು ವಿಚಾರಿಸುತ್ತೇವೆ. ತರಗತಿಗೆ ತರಗತಿಯೇ ನಪಾಸಾದರೆ ವಿಚಾರಿಸಬೇಕಾದದ್ದು ಪ್ರಶ್ನೆಪತ್ರಿಕೆಯನ್ನು, ಇಲ್ಲವೇ ಪಾಠ ಮಾಡಿದವರನ್ನು. ಐದು ಡಿಸ್ಕುಗಳ ಮೇಲೂ ಹಸಿರು ದೀಪ ಉರಿಯುತ್ತಿತ್ತು. "ಸತ್ತದ್ದಕ್ಕೆ ದೀಪ ಯಾಕಪ್ಪ ಉರೀತಿದೆ?" ಎಂದರೆ, "ಅದು ಕರೆಂಟಿನ ದೀಪ ಮೇಡಂ, ನಿಮಗೆ ಗೊತ್ತಾಗಲ್ಲ" ಎಂದ. ಯಂತ್ರವನ್ನು ಇನ್ನೊಮ್ಮೆ ಆರಿಸಿ ಹತ್ತಿಸು ಎಂದೆ. ಗೊಣಗುತ್ತಲೇ ಹತ್ತಿಸಿದ. ಲಿನಕ್ಸ್ ಏಳುವ ಮುಂಚೆ ಕಪ್ಪು ಪರದೆಯ ಮೇಲೆ ಆ ಕಾರ್ಡು ತಾನೇ ನಾಲ್ಕು ಸಾಲು ಬರೆಯುತ್ತದೆ. ಅದರಲ್ಲಿ ಒಂದು ಸಾಲು: ಒಂದು ಡಿಸ್ಕು-ಗುಂಪು ಸಿಕ್ಕಿದೆ. ಸಿಕ್ಕಿದೆ! ಕಾರ್ಡಿಗೆ ಕಾಣುತ್ತಿದೆ, ಲಿನಕ್ಸಿಗೆ ಕಾಣುತ್ತಿಲ್ಲ. ಇಂಗ್ಲಿಷ್ ಓದಲು ಬರುವ ಯಾರಿಗಾದರೂ ತಿಳಿಯುವ ಮಾತು ಅದು.

ಅವನು ಓದಲಿಲ್ಲ ಎಂಬುದಕ್ಕಿಂತ ನನ್ನ ಎದೆ ನಡುಗಿಸಿದ್ದು ಅವನ ಮುಂದಿನ ಮಾತು. "ಬೇಕಾದರೆ ಕಾರ್ಡಿನ ಮೆನುಗೆ ಹೋಗಿ ಡಿಸ್ಕುಗಳನ್ನ ಹೊಸದಾಗಿ ಕಟ್ಟಿ ನೋಡ್ತೀನಿ ಮೇಡಂ, ಆಗ ಬಂದರೂ ಬರಬಹುದು." ಹೊಸದಾಗಿ ಕಟ್ಟುವುದೆಂದರೆ ಹಳೆಯ ಹಂಚಿಕೆಯ ಲೆಕ್ಕವನ್ನು ಅಳಿಸಿ, ಖಾಲಿ ಸ್ಲೇಟು ಮಾಡಿ ಮತ್ತೆ ಗೆರೆ ಎಳೆಯುವುದು. ಇನ್ನೂರ ಹನ್ನೆರಡು ಅಜ್ಜಿಯರು ಒಂದು ಬೆರಳಿನ ಒತ್ತಿಗೆ ಹೋಗಿಬಿಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಗೋಡೆಯ ಬಳಿ ಹೋಗಿ ಸ್ವಿಚ್ ಆರಿಸಿದೆ. ಯಂತ್ರವನ್ನು ಹಾಗೆ ಆರಿಸಬಾರದು ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ಬೇರೆ ಉಪಾಯ ಹೊಳೆಯಲಿಲ್ಲ.

ಪೆಟ್ಟಿಗೆಯ ಕಂಪೆನಿ, ಅಂಗಡಿ, ಅವರು ಹಾಕಿದ ಲಿನಕ್ಸ್ ಯಾವುದರ ಹೆಸರನ್ನೂ ನಾನು ಹೇಳುವುದಿಲ್ಲ. ಹುಡುಗ ಕೆಟ್ಟವನಲ್ಲ. ಅವನಿಗೆ ಕಲಿಸಿದವರು ಅಷ್ಟೇ ಕಲಿಸಿದ್ದಾರೆ. ನನ್ನ ಜಗಳ ಒಂದು ಬುದ್ಧಿಯ ಜೊತೆ. "ನನಗೆ ಗೊತ್ತಿಲ್ಲ" ಎನ್ನಬೇಕಾದ ಕಡೆ "ಅದು ಸತ್ತಿದೆ" ಎನ್ನುವ ಬುದ್ಧಿ.

ಅಂದು ರಾತ್ರಿ ಮೈಸೂರಿನಲ್ಲಿರುವ ತಂಗಿಯ ಮಗನಿಗೆ ಫೋನು ಮಾಡಿದೆ. ಅವನಿಗೂ ಇಂಥ ಕಾರ್ಡಿನ ಅನುಭವವಿರಲಿಲ್ಲ, ಆದರೆ ಹುಡುಕುವ ಬುದ್ಧಿ ಇತ್ತು. "ದೊಡ್ಡಮ್ಮ, ಮೊದಲು ಅದರ ನಂಬರ್ ಹೇಳಿ. ಮೇಲೆ ಬರೆದ ಹೆಸರಲ್ಲ, ಒಳಗಿನ ನಂಬರ್" ಎಂದ. ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಶಾಲೆಗೆ ಹೋಗಿ, ಕಿವಿಗೆ ಫೋನು ಸಿಕ್ಕಿಸಿಕೊಂಡು ಅವನು ಹೇಳಿದ ಹಾಗೆ ಬೆರಳಚ್ಚಿಸಿದೆ. ಎಲ್‌ಎಸ್‌ಪಿಸಿಐ, ಒಂದು ಅಂತರ, ಒಂದು ಅಡ್ಡಗೆರೆ, ಎನ್‌ಎನ್‌ಕೆ. ಪರದೆಯ ತುಂಬ ಸಾಲುಗಳು ಸುರಿದವು. ನಡುವೆ ನಮ್ಮ ಕಾರ್ಡಿನ ಸಾಲು, ಅದರ ತುದಿಯಲ್ಲಿ ಚೌಕ ಆವರಣದೊಳಗೆ ನಾಲ್ಕು ಅಂಕೆ, ಒಂದು ಅರ್ಧವಿರಾಮದಂಥ ಗುರುತು, ಮತ್ತೆ ನಾಲ್ಕು ಅಂಕೆ. ಮೊದಲ ನಾಲ್ಕು ತಯಾರಿಸಿದವರ ಸಂಖ್ಯೆ, ಆಮೇಲಿನದು ಆ ಚಿಪ್ಪಿನದು. ಬೇರೆ ಯಂತ್ರಭಾಗಗಳ ಸಾಲಿನ ಕೆಳಗೆಲ್ಲ "ಇಂಥ ಡ್ರೈವರ್ ಕೆಲಸ ಮಾಡುತ್ತಿದೆ" ಎಂಬ ಒಂದು ಸಾಲಿತ್ತು. ನಮ್ಮ ಕಾರ್ಡಿನ ಕೆಳಗೆ ಮಾತ್ರ ಅದು ಇರಲಿಲ್ಲ.

ಒಳಗಿನ ಸಂಖ್ಯೆಯೇ ಯಾಕೆ ಬೇಕು ಎಂಬುದು ಆಮೇಲೆ ತಿಳಿಯಿತು. ಹಳೆಯ ಸರ್ವರುಗಳ ಕಾರ್ಡುಗಳ ವಂಶಾವಳಿ ನಮ್ಮ ಹಳ್ಳಿಯ ಪಹಣಿಗಿಂತ ಜಟಿಲ. ಮೆಗಾರೈಡ್ ಎಂಬ ಕಾರ್ಡುಗಳನ್ನೇ ನೋಡಿ. ಅಮೆರಿಕನ್ ಮೆಗಾಟ್ರೆಂಡ್ಸ್ ಎಂಬವರ ಆ ವಿಭಾಗವನ್ನು 2001ರಲ್ಲಿ ಎಲ್‌ಎಸ್‌ಐ ಲಾಜಿಕ್ ಕೊಂಡಿತು. ಆ ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ ಕೊಂಡಿತು. ಆ ಅವಾಗೊ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ತಾನಿಟ್ಟುಕೊಂಡಿತು. ಇದಲ್ಲದೆ ಇದೇ ಚಿಪ್ಪುಗಳನ್ನು ಡೆಲ್‌ನವರು ಪರ್ಕ್ ಎಂದೂ ಐಬಿಎಂನವರು ಸರ್ವ್‌ರೈಡ್ ಎಂದೂ ತಮ್ಮ ಹೆಸರು ಹಚ್ಚಿ ಮಾರಿದರು. ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುವುದು ಖಂಡಿತ. ಒಳಗಿನ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಮದುವೆಯಾಗಿ ಹೆಸರು, ಇನಿಷಿಯಲ್ಲು, ಊರು ಎಲ್ಲ ಬದಲಾದ ಹೆಣ್ಣುಮಕ್ಕಳು ಅಂಕಪಟ್ಟಿಯ ನಕಲು ಕೇಳಿಕೊಂಡು ಶಾಲೆಗೆ ಬರುತ್ತಾರಲ್ಲ, ಅವರನ್ನು ನಾವು ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆಯಿಂದಲೇ ಹುಡುಕುವುದು. ಇದೂ ಹಾಗೆಯೇ.

ಸಂಖ್ಯೆ ಸಿಕ್ಕ ಮೇಲೆ ತಂಗಿಯ ಮಗ ಅರ್ಧ ಗಂಟೆಯಲ್ಲಿ ಮತ್ತೆ ಫೋನು ಮಾಡಿದ. ನಗುತ್ತಿದ್ದ. "ದೊಡ್ಡಮ್ಮ, ಡ್ರೈವರ್ ಅಲ್ಲೇ ಇದೆ! ಅದೇ ಡಿಸ್ಕಿನಲ್ಲೇ ಇದೆ. ಆದರೆ ನಿಮ್ಮ ಕಾರ್ಡಿನ ನಂಬರನ್ನು ಮಾತ್ರ ಪಟ್ಟಿಯಿಂದ ತೆಗೆದುಬಿಟ್ಟಿದ್ದಾರೆ."

ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಪ್ರತಿ ಡ್ರೈವರಿನೊಳಗೂ "ಈ ಈ ಸಂಖ್ಯೆಯವರು ಬಂದರೆ ನಾನು ಮಾತಾಡಿಸುತ್ತೇನೆ" ಎಂಬ ಪಟ್ಟಿ ಇರುತ್ತದೆ. ಹಾಜರಿ ಪುಸ್ತಕದಂತೆ. ಹುಡುಗಿ ಬೆಂಚಿನ ಮೇಲೆ ಕೂತಿದ್ದಾಳೆ, ಪಾಠ ಬರುತ್ತದೆ, ಪುಸ್ತಕ ತಂದಿದ್ದಾಳೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿರುವುದರಿಂದ ಮೇಷ್ಟ್ರು ಅವಳನ್ನು ಕರೆಯುವುದಿಲ್ಲ. ನೋಡಲು ಬಂದವರಿಗೆ "ಆ ಹುಡುಗಿ ಸತ್ತಿದ್ದಾಳೆ" ಎಂದು ಹೇಳುತ್ತಾರೆ! ಈ ಒಂದು ಗೆರೆಯ ಮೇಲೆ ಒಂದು ಲಕ್ಷದ ಎಂಬತ್ತೈದು ಸಾವಿರದ ಅಂದಾಜುಪಟ್ಟಿ ನಿಂತಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ಆ ಸಂಖ್ಯೆ ಇನ್ನೂ ಪಟ್ಟಿಯಲ್ಲಿತ್ತು. ಅದನ್ನು ಯಂತ್ರಕ್ಕೆ ಸ್ಥಾಪಿಸಬೇಕೆಂದೂ ಇಲ್ಲ, ಪೆನ್ ಡ್ರೈವಿನಿಂದಲೇ ನೇರ ಓಡಿಸಬಹುದು. ಸೋಮವಾರ ರಜೆ ಹಾಕಿ ಅವನೇ ಬಸ್ಸಿನಲ್ಲಿ ಬಂದ. ಪೆನ್ ಡ್ರೈವ್ ಸಿಕ್ಕಿಸಿ ಹತ್ತಿಸಿದ. ಐದು ಡಿಸ್ಕುಗಳ ಗುಂಪು ಒಂದೇ ಹೆಸರಿನಲ್ಲಿ ಬಂದು ನಿಂತಿತು. ಹೊಸದೇನನ್ನೂ ಬರೆಯದ ಹಾಗೆ, ಓದಲು ಮಾತ್ರ ಬಿಟ್ಟು ತೆರೆದ. ಫೋಲ್ಡರುಗಳಿದ್ದವು. ಟೀಚರ್ ಇಟ್ಟ ಹೆಸರುಗಳೇ. 140 ಜಿಬಿ. ಹೊರಗಿನ ಡಿಸ್ಕಿಗೆ ನಕಲಾಗಲು ಒಂದೂವರೆ ಗಂಟೆಯ ಮೇಲೆ ಹಿಡಿಯಿತು. ನಾನು ಎದ್ದು ಹೋಗಲಿಲ್ಲ. ಕುಳಿತೇ ಇದ್ದೆ.

ನಿಮ್ಮ ಮನೆಯ ಕಥೆ ಇಷ್ಟೇ, ಇದಕ್ಕೆ ಜಗಳ ಯಾಕೆ ಎನ್ನಬಹುದು. ನಾನೂ ಅಷ್ಟಕ್ಕೇ ಬಿಡಬಹುದಿತ್ತು. ಆಮೇಲೆ ಓದುವ ಹುಚ್ಚು ಹಿಡಿಯಿತು. ಓದಿದಂತೆಲ್ಲ ಇದು ನಮ್ಮ ಶಾಲೆಯೊಂದರ ಪಾಡಲ್ಲ ಎಂದು ತಿಳಿಯಿತು. ಬಹಿರಂಗವಾಗಿ ದಾಖಲಾದ ಒಂದು ಉದಾಹರಣೆ ಕೊಡುತ್ತೇನೆ. ಸರ್ವರುಗಳಿಗೆ ಲಿನಕ್ಸ್ ಕೊಡುವವರಲ್ಲಿ ದೊಡ್ಡ ಹೆಸರು ರೆಡ್ ಹ್ಯಾಟ್. ಅವರು 2019ರ ಮೇ ತಿಂಗಳಲ್ಲಿ ತಮ್ಮ ಎಂಟನೆಯ ಆವೃತ್ತಿಯನ್ನು ಹೊರತಂದಾಗ ಒಂದಷ್ಟು ಹಳೆಯ ಡಿಸ್ಕು ಕಾರ್ಡುಗಳ ಬೆಂಬಲವನ್ನು ತೆಗೆದರು. ಮೆಗಾರೈಡ್ ಎಸ್‌ಎಎಸ್ ಎಂಬ ಡ್ರೈವರ್ ಹೊಸ ಕಾರ್ಡುಗಳಿಗಾಗಿ ಅಲ್ಲೇ ಉಳಿಯಿತು. ಎಸ್‌ಎಎಸ್ 1078 ಚಿಪ್ಪಿನವು, ಅಂದರೆ ಡೆಲ್‌ನ ಪರ್ಕ್ 6 ಕಾರ್ಡಿನಂಥವುಗಳ ಸಂಖ್ಯೆಗಳು ಮಾತ್ರ ಪಟ್ಟಿಯಿಂದ ಹೋದವು. ಲೋಕಕ್ಕೆಲ್ಲ ಸೇರಿದ ಮೂಲ ಲಿನಕ್ಸ್ ಕರ್ನಲ್ ಇದೆಯಲ್ಲ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಅದರಲ್ಲಿ ಆ ಸಂಖ್ಯೆಗಳು ಹಾಗೇ ಇದ್ದವು. ಮೂಲದಲ್ಲಿ ಇದ್ದದ್ದನ್ನು ಹಂಚುವವರು ಹೊಡೆದುಹಾಕಿದರು.

ಅವರು ಅದನ್ನು ಗುಟ್ಟಾಗಿ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ತೆಗೆದವುಗಳ ಪಟ್ಟಿಯನ್ನು ತಮ್ಮ ದಾಖಲೆಯಲ್ಲಿ ಅಚ್ಚು ಮಾಡಿದ್ದಾರೆ. ಅವರ ವಾದವೂ ತಿಳಿಯದ್ದಲ್ಲ. ದುಡ್ಡು ಕೊಟ್ಟ ಗಿರಾಕಿಗೆ ಹತ್ತು ವರ್ಷ ಜವಾಬ್ದಾರಿ ಹೊರುವವರು ಅವರು. ಪ್ರತಿ ಕಾರ್ಡನ್ನೂ ಪ್ರತಿ ಬದಲಾವಣೆಗೂ ಪರೀಕ್ಷಿಸಿ ನೋಡಬೇಕು, ತಯಾರಕರೇ ಕೈಬಿಟ್ಟ ಕಾರ್ಡಿಗೆ ಯಾರು ಉತ್ತರ ಹೇಳುವುದು? ಸರಿ. ಒಪ್ಪಿದೆ. ಆದರೆ "ಇದನ್ನು ನಾವು ಪರೀಕ್ಷಿಸಿಲ್ಲ, ಹೊಣೆ ನಿಮ್ಮದು" ಎಂದು ಎಚ್ಚರಿಕೆಯ ಹಲಗೆ ಹಾಕುವುದಕ್ಕೂ, ಬಾಗಿಲಿಗೆ ಗೋಡೆ ಕಟ್ಟುವುದಕ್ಕೂ ವ್ಯತ್ಯಾಸವಿಲ್ಲವೇ? ಅಜ್ಜಿ ಮನೆಯ ಮೆಟ್ಟಿಲು ಸವೆದಿದ್ದರೆ "ಜೋಪಾನ" ಎನ್ನುತ್ತೇವೆ. ಮೆಟ್ಟಿಲನ್ನೇ ಕಿತ್ತು ಅಟ್ಟದ ಮೇಲಿನ ಸಾಮಾನು ಇಲ್ಲವೆಂದು ಬಗೆಯುವುದಿಲ್ಲ.

ಗೋಡೆ ಅನಿವಾರ್ಯವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಎಲ್‌ರೆಪೊ ಎಂಬ ಸ್ವಯಂಸೇವಕರ ಗುಂಪೊಂದು ಹಾಗೆ ತೆಗೆದ ಡ್ರೈವರುಗಳನ್ನೇ ಮತ್ತೆ ಕಟ್ಟಿ ಇಟ್ಟಿತು. ಲಿನಕ್ಸ್ ಸ್ಥಾಪಿಸುವ ಹೊತ್ತಿಗೇ ಪಕ್ಕದಿಂದ ತುಂಬಬಹುದಾದ ಚಿಕ್ಕ ಡಿಸ್ಕಿನ ರೂಪದಲ್ಲೂ ಕೊಟ್ಟಿತು. ರೆಡ್ ಹ್ಯಾಟಿನ ಜಾಡಿನಲ್ಲೇ ನಡೆಯುವ, ಬಿಟ್ಟಿಯಾಗಿ ಸಿಗುವ ಆಲ್ಮಾಲಿನಕ್ಸ್ 2024ರ ಮೇ ತಿಂಗಳಲ್ಲಿ ತನ್ನ 9.4ನೆಯ ಆವೃತ್ತಿ ತಂದಾಗ, ಮೂಲದಲ್ಲಿ ತೆಗೆದುಹಾಕಿದ್ದ ಹಳೆಯ ಕಾರ್ಡುಗಳ ಬೆಂಬಲವನ್ನು ಹಿಂದಕ್ಕೆ ಸೇರಿಸಿಕೊಂಡಿತು. ಮೆಗಾರೈಡ್, ಎಚ್‌ಪಿಎಸ್‌ಎ, ಎಎಸಿರೈಡ್, ಎಂಪಿಟಿ3ಎಸ್‌ಎಎಸ್ ಡ್ರೈವರುಗಳೆಲ್ಲ ಆ ಸಾಲಿನಲ್ಲಿವೆ. ದುಡ್ಡಿರುವವರಿಗೆ ಭಾರವಾದದ್ದು ದುಡ್ಡಿಲ್ಲದವರಿಗೆ ಆಯಿತು!

ಎಲ್ಲ ಹಳೆಯದನ್ನೂ ಶಾಶ್ವತ ಹೊತ್ತುಕೊಂಡಿರಿ ಎಂದು ನಾನು ಹೇಳುವುದಿಲ್ಲ. ಲಿನಸ್ ತಾನೇ ಮೊದಲು ಲಿನಕ್ಸ್ ಬರೆದದ್ದು 386 ಎಂಬ ಚಿಪ್ಪಿನ ಮೇಲೆ. 2012ರ ಡಿಸೆಂಬರಿನಲ್ಲಿ ಆ ಚಿಪ್ಪಿನ ಬೆಂಬಲವನ್ನೇ ತೆಗೆದರು. ಯಾರೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಬಿಡುವುದಕ್ಕೂ ಒಂದು ರೀತಿ ಇದೆ. ಅದಕ್ಕೊಂದು ಪ್ರಸಂಗ ಓದಿದೆ, ಓದಿ ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ.

ಮೈಲೆಕ್ಸ್ ಎಂಬ ಕಂಪೆನಿಯ ಡಿಎಸಿ960 ಎಂಬ ಹಳೆಯ ರೈಡ್ ಕಾರ್ಡುಗಳಿದ್ದವು. ಅವುಗಳಿಗೆ ಲಿನಕ್ಸ್ ಡ್ರೈವರ್ ಬರೆದವನು ಲಿಯೊನಾರ್ಡ್ ಜುಬ್ಕಾಫ್ ಎಂಬಾತ. 2002ರ ಆಗಸ್ಟ್‌ನಲ್ಲಿ ಅಲಾಸ್ಕಾದಲ್ಲಿ ಹೆಲಿಕಾಪ್ಟರ್ ಬಿದ್ದು ಅವನು ಸತ್ತ. ಬರೆದವನು ಹೋದ, ಬರಹ ಉಳಿಯಿತು. ಅವನು ಹೋದ ಮೇಲೂ ಅವನು ಬರೆದ ಡ್ರೈವರ್ ಹದಿನಾರು ವರ್ಷ ಕರ್ನಲ್‌ನಲ್ಲಿತ್ತು. ಕೊನೆಗೆ ಅದರ ರಚನೆ ತೀರ ಹಳತಾಗಿ, ಹೊಸ ಏರ್ಪಾಡಿಗೆ ಅಡ್ಡಿಯಾಗಿ, 2018ರ ಡಿಸೆಂಬರಿನ 4.20 ಆವೃತ್ತಿಯಲ್ಲಿ ತೆಗೆಯಬೇಕಾಯಿತು. ತೆಗೆದರು. ಆದರೆ ತೆಗೆದ ಅದೇ ಆವೃತ್ತಿಯಲ್ಲಿ, ಅದೇ ಕಾರ್ಡುಗಳಿಗಾಗಿ ಹಾನೆಸ್ ರೈನೆಕೆ ಎಂಬಾತ ಬರೆದ ಎರಡು ಹೊಸ ಡ್ರೈವರುಗಳನ್ನು ಸೇರಿಸಿದರು. ಹಳೆಯ ಮನೆ ಕೆಡವುವ ಮೊದಲು ಅದರಲ್ಲಿದ್ದವರಿಗೆ ಬೇರೆ ಸೂರು ತೋರಿಸಿದ ಹಾಗೆ. ಅಷ್ಟು ಹಳೆಯ ಕಾರ್ಡನ್ನು ಆ ಹೊತ್ತಿಗೆ ಎಷ್ಟು ಜನ ಇಟ್ಟುಕೊಂಡಿದ್ದಾರು? ಬೆರಳೆಣಿಕೆ ಎಂದುಕೊಳ್ಳಿ. ಆ ಬೆರಳೆಣಿಕೆಗಾಗಿ ಒಬ್ಬ ಮನುಷ್ಯ ಕುಳಿತು ಬರೆದ. ನಮ್ಮ ಟೀಚರಿನ ಅಜ್ಜಿಯರನ್ನು ಯಾವ ವಿಶ್ವವಿದ್ಯಾಲಯ ಕೇಳಿತ್ತು ಹೇಳಿ? ಅವರೂ ಹಾಗೇ ಕುಳಿತು ಹಿಡಿದಿಟ್ಟದ್ದು.

ನಮ್ಮ ದೇಶದಲ್ಲಿ ಈಗ "ದುರಸ್ತಿಯ ಹಕ್ಕು" ಎಂಬ ಮಾತು ಬಂದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಅದಕ್ಕೊಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಟ್ರ್ಯಾಕ್ಟರು, ಫ್ರಿಜ್ಜು, ಮೊಬೈಲು, ಕಾರು ಎಲ್ಲದರ ಬಿಡಿಭಾಗದ ಮಾತು ಅಲ್ಲಿದೆ. ಸಂತೋಷ. ಆದರೆ ಈ ಕಾಲದಲ್ಲಿ ಬಿಡಿಭಾಗ ಎಂದರೆ ಕಬ್ಬಿಣದ ತುಂಡು, ರಬ್ಬರಿನ ಬಳೆ ಮಾತ್ರವೇ? ಕುಕ್ಕರಿಗೆ ಗ್ಯಾಸ್ಕೆಟ್ ಹೇಗೋ ನಮ್ಮ ಸರ್ವರಿಗೆ ಆ ಎಂಟು ಅಂಕೆ ಹಾಗೆ. ಅದೂ ಬಿಡಿಭಾಗವೇ. ಗ್ಯಾಸ್ಕೆಟ್ ಸಿಗದಿದ್ದರೆ ಕುಕ್ಕರನ್ನು ಗುಜರಿಗೆ ಹಾಕುವ ಹೆಂಗಸು ನಮ್ಮ ಬೀದಿಯಲ್ಲಿಲ್ಲ. ಪಕ್ಕದ ಊರಿನ ಸಂತೆಯಲ್ಲಾದರೂ ಹುಡುಕಿ ತರುತ್ತಾಳೆ. ಅದೇ ಬುದ್ಧಿಯನ್ನು ಕಂಪ್ಯೂಟರಿನ ಮುಂದೆ ತೋರಿಸಿದರೆ "ನಿಮಗೆ ಗೊತ್ತಾಗಲ್ಲ ಮೇಡಂ."

ಈ ಮಾತಿಗೇ ನನ್ನ ಮುಖ್ಯ ತಕರಾರು. ನಾವು ಹೆಂಗಸರು ಈ ಮಾತಿಗೆ ಬಲು ಬೇಗ ಸೋಲುತ್ತೇವೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ಯಾರೇಜಿನಲ್ಲಿ ಇದೊಂದು ಮಾತು ಬಿದ್ದರೆ ಸಾಕು, ಪರ್ಸು ತೆಗೆದುಬಿಡುತ್ತೇವೆ. ನನಗೆ ಡ್ರೈವರ್ ಬರೆಯಲು ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ. ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ: "ಕೆಟ್ಟಿದೆಯೋ, ನಿಮಗೆ ಕಾಣುತ್ತಿಲ್ಲವೋ?" ಮುಂದೆ ಯಾರಾದರೂ ನಿಮ್ಮ ಸಂಘದ, ಸೊಸೈಟಿಯ, ಗ್ರಂಥಾಲಯದ ಹಳೆಯ ಸರ್ವರನ್ನು ನೋಡಿ ತಲೆಯಾಡಿಸಿದರೆ ಈ ಪ್ರಶ್ನೆ ಕೇಳಿ. ಕಾರ್ಡಿನ ಒಳಸಂಖ್ಯೆಯನ್ನು ಬರೆದುಕೊಡಿ ಎನ್ನಿ. ಬೇರೊಂದು ಲಿನಕ್ಸಿನ ಪೆನ್ ಡ್ರೈವಿನಿಂದ ಹತ್ತಿಸಿ ನೋಡಿದಿರಾ ಎನ್ನಿ. ಅದಕ್ಕೂ ಮೊದಲು, "ಹೊಸದಾಗಿ ಕಟ್ಟಿ ನೋಡುತ್ತೇನೆ" ಎಂದರೆ ಕೈ ಹಿಡಿದುಕೊಳ್ಳಿ. ಇಷ್ಟಕ್ಕೆ ಬಿ.ಇ. ಬೇಡ.

ಪೆಟ್ಟಿಗೆಯನ್ನು ಹಾಡಿ ಹೊಗಳುವ ಇರಾದೆ ನನಗಿಲ್ಲ. ಅದು ಕರೆಂಟು ಕುಡಿಯುತ್ತದೆ, ಬಿಲ್ಲು ನೋಡಿ ಹೆಡ್ ಮಾಸ್ಟರು ಹುಬ್ಬೇರಿಸಿದ್ದು ನ್ಯಾಯವೇ. ಐದು ಡಿಸ್ಕುಗಳಲ್ಲಿ ಒಂದು ಮುಲುಗತೊಡಗಿದೆ ಎಂದು ತಂಗಿಯ ಮಗ ಪರೀಕ್ಷೆ ಮಾಡಿ ಹೇಳಿದ್ದಾನೆ. ಅದು ನಿಜವಾಗಿ ಸಾಯುವ ದಿನ ದೂರವಿಲ್ಲ. ದಿನವಿಡೀ ಓಡಿಸುವುದನ್ನು ನಿಲ್ಲಿಸಿದ್ದೇವೆ. ಅಜ್ಜಿಯರ ಪದಗಳು ಈಗ ಎರಡು ಹೊಸ ಡಿಸ್ಕುಗಳಲ್ಲಿವೆ. ಒಂದು ಶಾಲೆಯ ಬೀರುವಿನಲ್ಲಿ, ಒಂದು ನಮ್ಮ ಮನೆಯ ಗಾಡ್ರೇಜಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಎರಡಕ್ಕೂ ಸೇರಿ ಹತ್ತು ಸಾವಿರ ದಾಟಲಿಲ್ಲ.

ಪೆಟ್ಟಿಗೆಯ ಪಕ್ಕಕ್ಕೆ ಒಂದು ಚೀಟಿ ಅಂಟಿಸಿದ್ದೇನೆ. ಕಾರ್ಡಿನ ಒಳಸಂಖ್ಯೆ, ಡ್ರೈವರಿನ ಹೆಸರು, ಯಾವ ಲಿನಕ್ಸಿನಲ್ಲಿ ಕಾಣುತ್ತದೆ, ಯಾವುದರಲ್ಲಿ ಕಾಣುವುದಿಲ್ಲ ಎಂಬುದು ಅದರಲ್ಲಿದೆ. ನಾನು ಇನ್ನು ಕೆಲವೇ ವರ್ಷಗಳಲ್ಲಿ ನಿವೃತ್ತಳಾಗುವವಳು. ಹಿಂದೆ ಸರಿಯಲು ತಡಮಾಡುವವರು ಮತ್ತೊಬ್ಬರು ಇದ್ದೇ ಇರುತ್ತಾರೆ, ಅವರಿಗೆ ಬೇಕಾದೀತು.

ಅಂಗಡಿಯವರ ವರದಿ ಶಾಲೆಯ ಕಡತದಲ್ಲಿ ಹಾಗೇ ಇದೆ. ಹರಿದುಹಾಕೋಣ ಎಂದರು ಹೆಡ್ ಮಾಸ್ಟರು, ನಾನು ಬೇಡವೆಂದೆ. "ಐದು ಹಾರ್ಡ್ ಡಿಸ್ಕುಗಳು ಸಂಪೂರ್ಣ ಕೆಟ್ಟಿವೆ" ಎಂಬ ಸಾಲಿನ ಪಕ್ಕದ ಅಂಚಿನಲ್ಲಿ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲೇ "ತಪ್ಪು. ಪುನಃ ಓದಿಕೊಂಡು ಬಾ" ಎಂದು ಬರೆದು, ತಾರೀಖು ಹಾಕಿ, ಅವರು ತೋರಿಸಿದ್ದ ಜಾಗ ಬಿಟ್ಟು ಅಲ್ಲಿ ಸಹಿ ಮಾಡಿದ್ದೇನೆ. ಅದರ ಒಂದು ನಕಲನ್ನು ಅಂಗಡಿಗೂ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.